ಗಾಳಿಯಂತ್ರದ ದಿಷ್ಟಕಾರಿ: ಆಯ್ಕೆ ಮತ್ತು ಜೋಡಣೆ

ಗಾಳಿಯ ಬಲದಿಂದ ವಿದ್ಯುತ್ತನ್ನು ಪಡೆದವರಲ್ಲಿ ಮೊದಲಿಗನೆಂದು ಸಾಮಾನ್ಯವಾಗಿ ಹೆಸರಿಸಲ್ಪಡುವವನು ಗ್ಲಾಸ್ಗೋ ನಗರದ ಪ್ರಾಧ್ಯಾಪಕ ಜೇಮ್ಸ್ ಬ್ಲೈತ್. 1887ರಲ್ಲಿ ಸ್ಕಾಟ್ಲೆಂಡಿನ ಮೇರಿಕರ್ಕ್ ಗ್ರಾಮದ ತನ್ನ ಮನೆಯ ತೋಟದಲ್ಲಿ ಅವನು ನಿಲ್ಲಿಸಿದ ಯಂತ್ರವು ಡೈನಮೊ ಒಂದನ್ನು ತಿರುಗಿಸಿ, ಸಂಚಾಯಕಗಳನ್ನು ತುಂಬಿ, ಮನೆಯ ದೀಪಗಳನ್ನು ಬೆಳಗಿಸಿತು. ಅದಾದ ಸ್ವಲ್ಪ ಕಾಲದಲ್ಲೇ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಚಾರ್ಲ್ಸ್ ಬ್ರಷ್ ಎಂಬುವನು 144 ಅಲಗುಗಳ, 12 ಕಿಲೊವಾಟ್ ಶಕ್ತಿಯ ಬೃಹದ್ಯಂತ್ರವನ್ನು ಕಟ್ಟಿಸಿದನು. ಈ ಎರಡರಲ್ಲಿಯೂ ದಿಷ್ಟಕಾರಿ, ಎಂದರೆ ಇಂದು ಅಂಗಡಿಯವರು ರೆಕ್ಟಿಫೈಯರ್ ಎನ್ನುವ ವಸ್ತು, ಇರಲಿಲ್ಲವೆಂಬುದು ಗಮನಾರ್ಹ. ಡೈನಮೊದ ಕಮ್ಯುಟೇಟರು ತಾನೇ ಪ್ರವಾಹವನ್ನು ಏಕಮುಖವಾಗಿ ಮಾಡಿಕೊಡುತ್ತಿದ್ದುದರಿಂದ ಅದರ ಅಗತ್ಯವೇ ಬೀಳಲಿಲ್ಲ.

ಇತಿಹಾಸದ ಅಧ್ಯಾಪಕರಿಗೆ ಈ ವಿಷಯವೇಕೆಂದು ವಾಚಕರು ಕೇಳಬಹುದು. ಒಂದು ಉಪಕರಣವು ಯಾವ ಕೊರತೆಯನ್ನು ತುಂಬಲು ಬಂದಿತೆಂಬುದನ್ನು ಅರಿತವನು ಅದನ್ನು ಆರಿಸುವಾಗ ತಪ್ಪುವ ಸಂಭವ ಕಡಿಮೆಯೆಂಬುದೇ ನಮ್ಮ ಉತ್ತರ. ಕಮ್ಯುಟೇಟರಿನ ಮೇಲೆ ಉಜ್ಜುವ ಇಂಗಾಲದ ಬ್ರಷ್ಷುಗಳು ಸವೆಯುತ್ತವೆ; ಗೋಪುರದ ತುದಿಗೆ ಹತ್ತಿ ಅವುಗಳನ್ನು ಬದಲಿಸುವುದು ಸುಲಭವಲ್ಲ. ಅಲ್ಲದೆ ಗಾಳಿ ನಿಂತಾಗ ಬ್ಯಾಟರಿಯ ಪ್ರವಾಹವು ಹಿಂದಕ್ಕೆ ಹರಿದು ಡೈನಮೊವನ್ನೇ ಮೋಟಾರಿನಂತೆ ತಿರುಗಿಸದಿರಲೆಂದು ಮಧ್ಯೆ ಒಂದು ರಿಲೆಯನ್ನೂ ಇಡಬೇಕಾಗುತ್ತಿತ್ತು. ಸವೆತವಿಲ್ಲದ ಆಲ್ಟರ್ನೇಟರನ್ನು ಬಳಸಬೇಕಾದರೆ ಅದರ ಪರ್ಯಾಯ ಪ್ರವಾಹವನ್ನು ಹೊರಗೆಲ್ಲಾದರೂ ಏಕಮುಖಗೊಳಿಸಬೇಕು. ಸ್ಫಟಿಕಗಳು ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವುದನ್ನು ಫರ್ಡಿನಾಂಡ್ ಬ್ರೌನ್ 1874ರಲ್ಲಿಯೇ ಕಂಡಿದ್ದನು. ಸೇತುವೆಯಂಥ ಜೋಡಣೆಯನ್ನು ಪೊಲಾಕ್ ಮತ್ತು ಗ್ರೆಟ್ಸ್ 1890ರ ದಶಕದಲ್ಲಿ ಸೂಚಿಸಿದ್ದರು. ಆದರೆ ಹೆಚ್ಚಿನ ಪ್ರವಾಹವನ್ನು ಅಂಗೈಯಷ್ಟು ಜಾಗದಲ್ಲಿ ತಾಳಿಕೊಳ್ಳುವ ಸಿಲಿಕಾನ್ ಡಯೋಡು ಬಳಕೆಗೆ ಬಂದುದು 1950ರ ದಶಕದ ನಂತರವೇ. ಅದು ಕಮ್ಯುಟೇಟರಿನ ಕೆಲಸವನ್ನೂ ರಿಲೆಯ ಕೆಲಸವನ್ನೂ ಒಟ್ಟಿಗೆ ವಹಿಸಿಕೊಂಡಿತು.

ಮನೆಯಲ್ಲಿ ಯಂತ್ರ ಕಟ್ಟುವವರಿಗೆ ಮೇಲ್ಪಂಕ್ತಿಯಾದುದು ವಾಯವ್ಯ ಸ್ಕಾಟ್ಲೆಂಡಿನ ಸ್ಕೊರೈಗ್ ಎಂಬ ಭೂಶಿರ. ದೋಣಿಯಲ್ಲಿ ಅಥವಾ ಕಾಲ್ನಡಿಗೆಯಲ್ಲಿ ಮಾತ್ರ ತಲಪಬಹುದಾದ ಅಲ್ಲಿ 1970ರ ದಶಕದಿಂದ ಹ್ಯೂ ಪಿಗಟ್ ಅವರು ಇಂಥ ಯಂತ್ರಗಳನ್ನು ಕಟ್ಟುತ್ತ, ವಿಧಾನವನ್ನು ಪುಸ್ತಕಗಳ ಮೂಲಕ ಪ್ರಚುರಪಡಿಸಿದರು. ತಟ್ಟೆಯ ಮೇಲೆ ಅಂಟಿಸಿದ ಕಾಂತಗಳು, ರಾಳದಲ್ಲಿ ಎರಕಹೊಯ್ದ ತಾಮ್ರದ ಸುರುಳಿಗಳು, ಅವುಗಳಿಂದ ಹೊರಡುವ ಮೂರು ಫೇಸಿನ ಮೂರು ತಂತಿಗಳು: ಇದು ಆ ಮಾದರಿಯ ಸ್ವರೂಪ. ಮುಂದಿನ ಮಾತುಗಳು ಇಂಥ ಯಂತ್ರವನ್ನು ಕುರಿತವು.

ಮೂರು ಫೇಸಿಗೆ ಆರು ಡಯೋಡುಗಳು ಬೇಕು. ಯಾವ ಕ್ಷಣದಲ್ಲಿಯೂ ಪ್ರವಾಹವು ಅವುಗಳಲ್ಲಿ ಎರಡನ್ನು ದಾಟಿಯೇ ಬ್ಯಾಟರಿಯನ್ನು ಸುತ್ತಿಬರುತ್ತದೆ. ಒಂದೊಂದು ದಾಟಿನಲ್ಲಿಯೂ ಸುಮಾರು 0.8ರಿಂದ 0.9 ವೋಲ್ಟ್ ನಷ್ಟವಾಗುತ್ತದೆ. 12 ವೋಲ್ಟಿನ ಬ್ಯಾಟರಿಯನ್ನು 14 ವೋಲ್ಟಿನಲ್ಲಿ, 30 ಆಂಪಿಯರ್ ಪ್ರವಾಹದಿಂದ ತುಂಬುತ್ತಿದ್ದೇವೆಂದು ಇಟ್ಟುಕೊಳ್ಳೋಣ. ಬ್ಯಾಟರಿಗೆ ಸೇರುವುದು 420 ವಾಟ್. ದಿಷ್ಟಕಾರಿಯಲ್ಲಿ ಶಾಖವಾಗಿ ಹೋಗುವುದು 54 ವಾಟ್. ಅದೇ 420 ವಾಟನ್ನು 48 ವೋಲ್ಟಿನ ಬ್ಯಾಟರಿಗೆ ಕೊಟ್ಟರೆ ಪ್ರವಾಹ 7.5 ಆಂಪಿಯರಿಗೆ ಇಳಿದು, ನಷ್ಟ ಸುಮಾರು 12 ವಾಟಿಗೆ ನಿಲ್ಲುತ್ತದೆ. ಆದುದರಿಂದ ದಿಷ್ಟಕಾರಿಯ ಆಯ್ಕೆ ಬ್ಯಾಟರಿಯ ಆಯ್ಕೆಯಿಂದಲೇ ಆರಂಭವಾಗುತ್ತದೆ.

ಈ ನಷ್ಟವನ್ನು ತಗ್ಗಿಸಲು ಕೆಲವರು ಶಾಟ್ಕಿ ಡಯೋಡುಗಳನ್ನು ಆಶ್ರಯಿಸುವುದುಂಟು. ಅವುಗಳಲ್ಲಿ ನಷ್ಟ ಕಡಿಮೆಯೆಂಬುದು ನಿಜ. ಆದರೆ ಅವು ತಾಳುವ ಹಿಮ್ಮುಖ ವೋಲ್ಟೇಜೂ ಸಾಮಾನ್ಯವಾಗಿ ಕಡಿಮೆ. ಕಾದಂತೆಲ್ಲ ಹಿಮ್ಮುಖ ಸೋರಿಕೆ ಹೆಚ್ಚಿ, ಸೋರಿಕೆಯಿಂದ ಇನ್ನಷ್ಟು ಕಾಯುತ್ತವೆ. ಬಿರುಗಾಳಿಗೆ ಒಡ್ಡಿದ ಯಂತ್ರಕ್ಕೆ ಅವು ತಕ್ಕವಲ್ಲವೆಂದೇ ನಮ್ಮ ಅಭಿಪ್ರಾಯ.

ಕಾರಣವನ್ನು ಬಿಡಿಸಿ ಹೇಳಬೇಕು. ಬ್ಯಾಟರಿಗೆ ಜೋಡಿಸಿರುವಷ್ಟು ಕಾಲ ಅದು ಯಂತ್ರದ ವೋಲ್ಟೇಜನ್ನು ಹಿಡಿದಿಡುತ್ತದೆ. ಗಾಳಿ ಜೋರಾಗಿ ಬೀಸುತ್ತಿರುವಾಗ ಫ್ಯೂಸು ಸುಟ್ಟಿತೆನ್ನಿ, ಇಲ್ಲವೆ ತಂತಿಯೊಂದು ಕಳಚಿತೆನ್ನಿ. ಭಾರ ತಪ್ಪಿದ ಅಲಗುಗಳು ಹುಚ್ಚುವೇಗದಿಂದ ತಿರುಗತೊಡಗುತ್ತವೆ, ವೋಲ್ಟೇಜೂ ವೇಗದೊಡನೆ ಮೂರು ನಾಲ್ಕು ಪಟ್ಟು ಏರಬಲ್ಲದು. ಬ್ಯಾಟರಿಯನ್ನು ಕಾಯುವ ಫ್ಯೂಸೇ ಡಯೋಡಿಗೆ ಈ ಅಪಾಯವನ್ನು ತರುತ್ತದೆ. ಹಾಗೆಂದು ಫ್ಯೂಸನ್ನು ಬಿಡುವಂತೆಯೂ ಇಲ್ಲ. 12 ವೋಲ್ಟಿನ ಯಂತ್ರಕ್ಕೆ 50 ವೋಲ್ಟಿನ ಡಯೋಡು ಸಾಕೆಂಬ ಲೆಕ್ಕ ಶಾಂತವಾದ ದಿನದ ಲೆಕ್ಕ. 1000 ವೋಲ್ಟ್ ತಾಳುವ ಸೇತುವೆಯ ಬೆಲೆ ಅಷ್ಟೇನೂ ಹೆಚ್ಚಲ್ಲ, ಅದನ್ನೇ ಕೊಳ್ಳತಕ್ಕದ್ದು. ಪ್ರವಾಹದ ವಿಷಯದಲ್ಲಿಯೂ ಹೀಗೆಯೇ. 35 ಆಂಪಿಯರ್ ಎಂದು ಮುದ್ರಿಸಿರುವುದು ಚೆನ್ನಾಗಿ ತಂಪುಗೊಳಿಸಿದ ಸ್ಥಿತಿಗೆ ಮಾತ್ರ ಅನ್ವಯಿಸುವ ಸಂಖ್ಯೆ. ರೆಕ್ಕೆಗಳುಳ್ಳ ದಪ್ಪ ಅಲ್ಯುಮಿನಿಯಂ ಫಲಕಕ್ಕೆ, ನಡುವೆ ಉಷ್ಣವಾಹಕ ಲೇಪ ಸವರಿ, ತಿರುಪಿನಿಂದ ಬಿಗಿಯಾಗಿ ಕೂರಿಸದಿದ್ದರೆ ಅದರ ಅರ್ಧವೂ ಸಲ್ಲದು. ಫಲಕದ ರೆಕ್ಕೆಗಳು ಲಂಬವಾಗಿರಬೇಕು; ಬಿಸಿಗಾಳಿ ಮೇಲೇರುವುದಕ್ಕೆ ದಾರಿ ಬೇಕಲ್ಲವೆ?

ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ನಾಲ್ಕು ಕಡ್ಡಿಗಳ ಚೌಕನೆಯ ಒಂದು ಫೇಸಿನ ಸೇತುವೆ. ಇದರ ಒಂದು ಮೂಲೆಯನ್ನು ಕತ್ತರಿಸಿರುತ್ತಾರೆ. ಆ ಮೂಲೆಯದು ಧನ, ಅದಕ್ಕೆ ಕರ್ಣರೇಖೆಯಲ್ಲಿ ಎದುರಾಗಿರುವುದು ಋಣ, ಉಳಿದೆರಡು ಪರ್ಯಾಯ ಪ್ರವಾಹದವು. ಇಂಥ ಮೂರನ್ನು ತಂದು, ಒಂದೊಂದರಲ್ಲಿಯೂ ಪರ್ಯಾಯ ಪ್ರವಾಹದ ಎರಡು ಕಡ್ಡಿಗಳನ್ನು ಸೇರಿಸಿ ಒಂದೊಂದು ಫೇಸಿನ ತಂತಿಯನ್ನು ಕೊಡುವುದು ಉತ್ತಮ ಕ್ರಮ. ಮೂರರ ಧನಗಳನ್ನೂ ಋಣಗಳನ್ನೂ ಬೇರೆ ಬೇರೆಯಾಗಿ ಕೂಡಿಸಿ ಬ್ಯಾಟರಿಗೆ ಒಯ್ಯಬೇಕು. ಆಗ ಆರರ ಕೆಲಸವನ್ನು ಹನ್ನೆರಡು ಡಯೋಡುಗಳು ಹಂಚಿಕೊಳ್ಳುತ್ತವೆ; ಜೊತೆಯವೆರಡು ಒಂದೇ ಕವಚದಲ್ಲಿ ಒಂದೇ ಸಮನೆ ಕಾಯುವುದರಿಂದ ಹಂಚಿಕೆಯೂ ಬಹುಮಟ್ಟಿಗೆ ಸರಿಯಾಗಿರುತ್ತದೆ. ಬ್ಯಾಟರಿಯ ಧನ ಋಣಗಳು ಅದಲುಬದಲಾದರೆ ಮಾತ್ರ ಡಯೋಡುಗಳೆಲ್ಲವೂ ದಾರಿ ಬಿಟ್ಟು, ಫ್ಯೂಸಿಲ್ಲದಿದ್ದಲ್ಲಿ ಕ್ಷಣದಲ್ಲಿ ಸುಟ್ಟುಹೋಗುತ್ತವೆ.

ಯಂತ್ರವನ್ನು ನಿಲ್ಲಿಸಲು ಮೂರು ತಂತಿಗಳನ್ನು ಒಂದಕ್ಕೊಂದು ಸೇರಿಸುವ ಸ್ವಿಚ್ಚು ಇರುತ್ತದೆ. ಅದರ ಸ್ಥಾನ ದಿಷ್ಟಕಾರಿಗೆ ಮೊದಲು, ಆಲ್ಟರ್ನೇಟರಿನ ಕಡೆಗೆ. ದಿಷ್ಟಕಾರಿಯ ಆಚೆಗೆ ಇಟ್ಟರೆ ಅದು ಯಂತ್ರವನ್ನಲ್ಲ, ಬ್ಯಾಟರಿಯನ್ನೇ ಷಾರ್ಟ್ ಮಾಡುತ್ತದೆ.

ಒಳ್ಳೆಯ ಗಾಳಿಯಿದ್ದೂ ಯಂತ್ರವು ಗುಡುಗುಟ್ಟುತ್ತ ನಿಧಾನವಾಗಿ ತಿರುಗುತ್ತಿದ್ದರೆ ಡಯೋಡೊಂದು ಷಾರ್ಟ್ ಆಗಿರಬಹುದು. ಗಾಳಿಯಿಲ್ಲದ ವೇಳೆ ನೋಡಿ, ಮೊದಲು ಬ್ಯಾಟರಿಯನ್ನು ಬೇರ್ಪಡಿಸಿ, ಅಲಗುಗಳನ್ನು ಕೈಯಿಂದ ತಿರುಗಿಸಬೇಕು. ತಡೆತಡೆದು ತಿರುಗಿದರೆ ಮೂರು ತಂತಿಗಳನ್ನು ದಿಷ್ಟಕಾರಿಯಿಂದ ಬಿಚ್ಚಿ ಮತ್ತೆ ತಿರುಗಿಸಬೇಕು. ಈಗ ಸರಾಗವಾಗಿ ತಿರುಗಿದರೆ ದೋಷ ದಿಷ್ಟಕಾರಿಯದು. ಆಗಲೂ ತಡೆದರೆ ಸುರುಳಿಯದೋ ತಂತಿಯದೋ ಆಗಿರುತ್ತದೆ, ಗೋಪುರವನ್ನು ಇಳಿಸದೆ ವಿಧಿಯಿಲ್ಲ.