ಬ್ಯಾಸಗಿ ರಜಾಕ್ಕ ಊರಿಗೆ ಹೊಂಟೀರಾ? ಬ್ಯಾಗಲ್ಲಿ ಈ ಆರು ಪುಸ್ತಕ ಇರಲಿ

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿತ್ತೆಂದರೆ ಬೆಂಗಳೂರಿನಲ್ಲಿರುವ ನಮ್ಮ ಕಡೆಯವರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಂದೇ ಪ್ರಶ್ನೆ: "ಊರಿಗೆ ಯಾವಾಗ ಹೊಂಟಿ?" ನಮ್ಮ ದೇವದುರ್ಗಕ್ಕೆ ರೈಲಿಲ್ಲ, ರಾಯಚೂರಲ್ಲಿ ಇಳಿದು ಬಸ್ಸು ಹಿಡಿಯಬೇಕು. ಊರು ಮುಟ್ಟಿದ ಮೇಲೆ ಹನ್ನೊಂದರಿಂದ ಐದರವರೆಗೆ ಹೊರಗೆ ಕಾಲಿಡೋ ಹಂಗಿಲ್ಲ. 42 ಡಿಗ್ರಿ ಬಿಸಿಲು ಇಲ್ಲಿ ಸುದ್ದಿಯೇ ಅಲ್ಲ. ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳೇ ಏಪ್ರಿಲ್, ಮೇನಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ.

ಅಂದರೆ ದಿನಕ್ಕೆ ಆರು ತಾಸು ಮನೆಯೊಳಗೆ, ಫ್ಯಾನಿನ ಕೆಳಗೆ. ರೀಲ್ಸ್ ನೋಡಿದರೂ ಮುಗೀತದ, ಪುಸ್ತಕ ಓದಿದರೂ ಮುಗೀತದ. ಎರಡನೆಯದಕ್ಕೆ ಮನಸ್ಸಿದ್ದರೆ ನನ್ನ ಪಟ್ಟಿ ಇಲ್ಲಿದೆ. ನಿಮಗೊಬ್ಬರಿಗೇ ಅಲ್ಲ, ಮನೆಮಂದಿಗೆಲ್ಲ.

ರೈಲಿನಲ್ಲಿ: ಘಾಚರ್ ಘೋಚರ್

ವಿವೇಕ ಶಾನಭಾಗರ ಈ ಪುಟ್ಟ ಕಾದಂಬರಿಯನ್ನು ಒಂದೇ ಪ್ರಯಾಣದಲ್ಲಿ ಮುಗಿಸಬಹುದು. ಚಿಕ್ಕ ಮನೆಯಲ್ಲಿ ಒಗ್ಗಟ್ಟಾಗಿದ್ದ ಕುಟುಂಬಕ್ಕೆ ಮಸಾಲೆ ವ್ಯಾಪಾರದಿಂದ ದಿಢೀರ್ ದುಡ್ಡು ಬರುತ್ತದೆ. ಆಮೇಲೆ ಆ ಮನೆಯವರು ಏನಾದರು ಅನ್ನುವುದೇ ಕತೆ. ಸಂಬಳ ಏರಿದಂತೆ ಮನೆಯ ಮಾತುಕತೆ ಹೇಗೆ ಬದಲಾಗುತ್ತದೆ ಎಂದು ಬಲ್ಲವರಿಗೆ ಇದು ಚುಚ್ಚುತ್ತದೆ. ಊರು ಮುಟ್ಟುವ ಮೊದಲೇ ಓದಿ, ಅಪ್ಪ ಅವ್ವನ ಮುಖ ನೋಡುವ ರೀತಿ ಸ್ವಲ್ಪ ಬೇರೆಯಾಗುತ್ತದೆ.

ಗಟ್ಟಿಯಾಗಿ ಓದಲು: ಅಮರೇಶ ನುಗಡೋಣಿ ಕತೆಗಳು

ಈ ಪಟ್ಟಿ ಶುರುವಾದದ್ದೇ ಇವರಿಂದ. ನುಗಡೋಣಿಯವರು ನಮ್ಮ ಪಕ್ಕದ ಮಾನ್ವಿ ಕಡೆಯವರು. ಇವರ 'ಸವಾರಿ' ಕತೆಯನ್ನೇ ಗಿರೀಶ ಕಾಸರವಳ್ಳಿ 'ಕನಸೆಂಬೋ ಕುದುರೆಯನೇರಿ' ಸಿನಿಮಾ ಮಾಡಿದ್ದು, ಬಿರಾದಾರ ಮುಖ್ಯ ಪಾತ್ರದಲ್ಲಿದ್ದಾರೆ. ಕುಣಿ ತೋಡುವವನ ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಒಂದು ಸಾವು ಖಚಿತ ಅನ್ನುವ ನಂಬಿಕೆ. ಕನಸೇನೋ ಬಿತ್ತು, ಆದರೆ ಸಾವಿನ ಸುದ್ದಿಯೇ ಇಲ್ಲ!

ನಮ್ಮ ಅಕ್ಕನ ಮಗಳು ಒಂಬತ್ತನೇ ಕ್ಲಾಸು, ದೂರದ ಊರಿನ ಹಾಸ್ಟೆಲಿನಲ್ಲಿ ಓದುತ್ತಾಳೆ. ಅಲ್ಲಿ ಅವಳು "ಬರಾಕತ್ತೀನಿ" ಅಂದರೆ ಗೆಳತಿಯರು ಅಣಕಿಸಿ ನಗುತ್ತಿದ್ದರಂತೆ. ಹೋದ ವರ್ಷ ರಜೆಗೆ ಬಂದವಳ ಬಾಯಲ್ಲಿ ಬರೀ "ಬರ್ತಾ ಇದೀನಿ, ಹೋಗ್ತಾ ಇದೀನಿ". ಮಾತೂ ಕಡಿಮೆಯಾಗಿತ್ತು. ಅವಳು ಹಾಗೆ ಮಾತಾಡಿದಾಗೆಲ್ಲ ಅವ್ವ "ಹೂನ್ರಿ" ಅನ್ನತೊಡಗಿದಳು, ಮನೆಗೆ ಬಂದ ಆಫೀಸರಿಗೆ ಅಂದ ಹಾಗೆ. ಚಾಷ್ಟಿಗೆ ಅಂದದ್ದಲ್ಲ. ಮೊಮ್ಮಗಳು ಕೈಗೆ ಸಿಗದಷ್ಟು ದೂರ ಹೋದಳು ಅನ್ನಿಸಿತ್ತು ಆಕೆಗೆ.

ಒಂದು ಮಧ್ಯಾಹ್ನ ನುಗಡೋಣಿಯವರ ಕತೆಯೊಂದನ್ನು ಹುಡುಗಿಯ ಕೈಗೆ ಕೊಟ್ಟು, "ಅಜ್ಜಿಗೆ ಚಾಳೀಸು ಸಿಗವಲ್ದು, ಓದಿ ಹೇಳು" ಅಂದೆ. ಪಾತ್ರಗಳು ಮಾತಾಡುವುದು ನಮ್ಮ ಕಡೆ ಮಾತಲ್ಲೇ. ಅವಳು ಅದನ್ನು ಪಠ್ಯಪುಸ್ತಕದಂತೆ ಓದಿದರೆ ಅವ್ವ ತಡೆದು, "ಹಂಗಲ್ಲವ್ವಾ, ಹಿಂಗ ಅನಬೇಕು" ಎಂದು ತಿದ್ದುತ್ತಿದ್ದಳು. ಮೂರನೇ ದಿನಕ್ಕೆ ತಿದ್ದುವ ಕೆಲಸ ಉಳಿಯಲಿಲ್ಲ. "ಮಾಮಾ, ಇವೆಲ್ಲ ಪುಸ್ತಕದಾಗ ಬರಿಯೋವಂಥ ಮಾತೇನು?" ಎಂದು ಕೇಳಿದಳು. ಹೌದು ಅಂದೆ. ಅಷ್ಟೇ. ಹಾಸ್ಟೆಲಿನಲ್ಲಿ ಈಗಲೂ ಆಕೆ ಅಲ್ಲಿಯ ಮಾತೇ ಆಡುತ್ತಾಳೆ, ಅದರಲ್ಲಿ ತಪ್ಪೇನಿಲ್ಲ. ಮನೆಗೆ ಫೋನು ಮಾಡಿದಾಗ ಮಾತ್ರ "ಏ ಅಜ್ಜಿ, ಉಂಡೇನು?" ಅನ್ನುತ್ತಾಳೆ.

ದಪ್ಪ ಪುಸ್ತಕ ಬೇಕೆನ್ನುವವರಿಗೆ: ಬದುಕು

ಕಲಬುರಗಿಯ ಗೀತಾ ನಾಗಭೂಷಣ ಅವರ ಕಾದಂಬರಿ. ಇದಕ್ಕೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಕನ್ನಡದ ಲೇಖಕಿಯೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಕೆಳಸಮುದಾಯದ ಹೆಣ್ಣುಮಕ್ಕಳ ದುಡಿಮೆ, ದೇವರು, ಜಗಳ, ನಗು ಎಲ್ಲವೂ ನಮ್ಮ ಕಡೆಯ ಕನ್ನಡದಲ್ಲೇ ಇವೆ. ದಿನಕ್ಕೆ ಐವತ್ತು ಪುಟ ಸಾಕು. ಅಡುಗೆಮನೆಯಲ್ಲಿರುವ ಅಕ್ಕ ಅತ್ತಿಗೆಯರಿಗೆ ಮೊದಲು ಕೊಡಿ, ಆಮೇಲೆ ನಿಮಗೆ ವಾಪಸ್ ಸಿಗುವುದು ಕಷ್ಟ!

ಫೋನ್ ಬಿಡದ ಹುಡುಗರಿಗೆ: ಕರ್ವಾಲೊ

ತೇಜಸ್ವಿಯವರ ಈ ಕಾದಂಬರಿ ಬಂದದ್ದು 1980ರಲ್ಲಿ. ಮಲೆನಾಡಿನ ಕಾಡಿನಲ್ಲಿ ಒಬ್ಬ ವಿಜ್ಞಾನಿ, ಅವರ ಜೊತೆ ಒಂದಷ್ಟು ಹಳ್ಳಿಗರು, ಎಲ್ಲರೂ ಹುಡುಕುವುದು ಹಾರುವ ಓತಿಯನ್ನು. ಬಿಸಿಲುನಾಡಿನಲ್ಲಿ ಕೂತು ಮಳೆಕಾಡಿನ ಕತೆ ಓದುವ ತಂಪೇ ಬೇರೆ. ಮುಗಿಸಿದ ಮೇಲೆ ಹಾರುವ ಓತಿಯ ವಿಡಿಯೊ ಹುಡುಕಿ ತೋರಿಸಿ. ಫೋನಿಗೂ ಒಂದು ಕೆಲಸ ಸಿಕ್ಕಂತಾಯಿತು.

ಸ್ಟೇಟಸ್ ಹಾಕುವವರಿಗೆ: ಶಾಂತರಸರ ಗಜಲ್

ನಮ್ಮ ಜಿಲ್ಲೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಆಡಳಿತದಲ್ಲಿತ್ತು. ಶಾಲೆ, ಕಚೇರಿ ಎರಡರಲ್ಲೂ ಉರ್ದು. "ಜಲ್ದಿ ಬಾ, ಬರೋಬರಿ ಆಯ್ತು" ಅನ್ನುವ ನಮ್ಮ ಮಾತಿನಲ್ಲಿ ಆ ಕಾಲದ ನೆರಳು ಇನ್ನೂ ಇದೆ. ಆ ಉರ್ದುವಿನಿಂದ ಗಜಲ್ ತಂದು ಕನ್ನಡಕ್ಕೆ ಒಗ್ಗಿಸಿದವರಲ್ಲಿ ಶಾಂತರಸರು ಪ್ರಮುಖರು. 1924ರಲ್ಲಿ ರಾಯಚೂರು ಜಿಲ್ಲೆಯ ಹೆಂಬೆರಾಳಿನಲ್ಲಿ ಹುಟ್ಟಿದವರು, 2006ರ ಬೀದರ್ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. 'ಗಜಲ್ ಮತ್ತು ಬಿಡಿ ದ್ವಿಪದಿ' ಹುಡುಕಿ ಓದಿ. ಗಜಲಿನಲ್ಲಿ ಪ್ರತಿ ಎರಡು ಸಾಲೂ ತನ್ನಷ್ಟಕ್ಕೆ ಪೂರ್ಣ, ಒಂದೇ ಪದ ಮತ್ತೆ ಮತ್ತೆ ಕೊನೆಗೆ ಬಂದು ಎಲ್ಲವನ್ನೂ ಕಟ್ಟುತ್ತದೆ. ಫೋನಿನ ಕಾಲಕ್ಕೆ ಹೇಳಿ ಮಾಡಿಸಿದ ಅಳತೆ. ಇಷ್ಟವಾದರೆ ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಅವರ ಗಜಲ್‌ಗಳನ್ನೂ ಓದಿ.

ಹಿರಿಯರ ಜೊತೆ: ಹರಿಕಥಾಮೃತಸಾರ

ಮಾನ್ವಿಯ ಜಗನ್ನಾಥದಾಸರ ಈ ಕೃತಿಯಲ್ಲಿ 32 ಸಂಧಿಗಳಿವೆ, ಛಂದಸ್ಸು ಭಾಮಿನಿ ಷಟ್ಪದಿ. ವಿಜಯದಾಸರು ಮಾನ್ವಿ ಬಳಿಯ ಚೀಕಲಪರವಿಯವರು, ಗೋಪಾಲದಾಸರು ನಮ್ಮದೇ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಇಷ್ಟು ಹತ್ತಿರದ ಊರುಗಳಲ್ಲಿ ಇಷ್ಟು ದಾಸರು! ಭಕ್ತಿ ಇರಲಿ, ಬಿಡಲಿ, ಒಂದು ಸಂಧಿಯನ್ನು ಹಿರಿಯರು ರಾಗವಾಗಿ ಹೇಳುವಾಗ ಅರ್ಥಸಹಿತ ಪುಸ್ತಕ ಹಿಡಿದು ಪಕ್ಕದಲ್ಲಿ ಕೂತು ನೋಡಿ. ಅವರಿಗೆ ಬಾಯಿಪಾಠ ಇರುವುದೆಷ್ಟು ಎಂದು ಆಗ ಗೊತ್ತಾಗುತ್ತದೆ. ಸಾಧ್ಯವಾದರೆ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಎಲ್ಲಿ ಸಿಗುತ್ತವೆ?

ಎಲ್ಲವನ್ನೂ ಕೊಳ್ಳಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಊರಿಗೆ ಹೋದ ಮೊದಲ ದಿನವೇ ಮಕ್ಕಳ ಹೆಸರು ಬರೆಸಿ. ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯಕ್ಕೆ ಫೋನಿನಲ್ಲೇ ನೋಂದಾಯಿಸಬಹುದು, ಅದಕ್ಕೂ ದುಡ್ಡಿಲ್ಲ.

ಕೊನೆಗೊಂದು ಮಾತು. ಕೊಂಡು ಒಯ್ದ ಪುಸ್ತಕಗಳನ್ನು ಬೆಂಗಳೂರಿಗೆ ವಾಪಸ್ ತರಬೇಡಿ, ಊರಲ್ಲೇ ಬಿಟ್ಟು ಬನ್ನಿ. ಮುಂದಿನ ಬ್ಯಾಸಗಿಗೆ ಹೋದಾಗ ಯಾವ ಪುಟದ ಮೂಲೆ ಯಾರು ಮಡಚಿಟ್ಟಿದ್ದಾರೆ ಅಂತ ನೋಡುವುದೇ ಒಂದು ಮಜಾ.