ಮೊಬೈಲ್ ಬರೆದಿಡುವ ದಿನಚರಿ: ಓದುವುದು ಹೇಗೆ, ಅಳಿಸುವುದು ಹೇಗೆ?

ಮುಂಬಯಿಯಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಒಂದು ಪದ್ಧತಿಯುಂಟು. ಹೊಸ ಮೊಬೈಲ್ ಕೊಂಡಾಗ ಹಳೆಯದು ಊರಿಗೆ ಹೋಗುತ್ತದೆ. ರಜೆಯಲ್ಲಿ ಹೋಗುವಾಗ ಚೀಲದಲ್ಲಿ ಒಯ್ದು ಅಕ್ಕನಿಗೋ ತಮ್ಮನಿಗೋ ಕೊಟ್ಟು ಬರುತ್ತೇವೆ. ಡೊಂಬಿವಲಿಯ ನಮ್ಮ ಸಹೋದ್ಯೋಗಿ ಸ್ನೇಹಿತರೊಬ್ಬರು ಎರಡು ವರ್ಷಗಳ ಹಿಂದೆ ಹಾಗೆಯೇ ಮಾಡಿದರು. ಕುಂದಾಪುರದ ಸಮೀಪ ಒಬ್ಬರೇ ಇರುವ ಅಕ್ಕನಿಗೆ ತಮ್ಮ ಹಳೆಯ ಫೋನು ಕೊಟ್ಟು, ಹೊಸ ಸಿಮ್ ಹಾಕಿಸಿ, ಮಾತನಾಡಿ ಹುಡುಕುವುದನ್ನು ಕಲಿಸಿ ಬಂದರು. ಅದರೊಳಗಿದ್ದ ತಮ್ಮ ಗೂಗಲ್ ಖಾತೆಯನ್ನು ತೆಗೆಯಬೇಕೆಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಕೆಲವು ತಿಂಗಳ ತರುವಾಯ ಒಂದು ಮುಂಜಾನೆ ಲೋಕಲ್ ರೈಲಿನಲ್ಲಿ ಏನನ್ನೋ ಹುಡುಕಲೆಂದು ಗೂಗಲ್‌ನ ಪೆಟ್ಟಿಗೆಯನ್ನು ಮುಟ್ಟಿದಾಗ, ಅದರ ಕೆಳಗೆ ಗಡಿಯಾರದ ಚಿಕ್ಕ ಗುರುತಿನೊಂದಿಗೆ ಅವರು ಎಂದೂ ಹುಡುಕದ ಸಾಲುಗಳು ಕಾಣಿಸಿದವು. ಮೊದಲನೆಯದು ಹಲಸಿನ ಹಪ್ಪಳ ಮಾಡುವ ಕ್ರಮ. ಎರಡನೆಯದು ಮಣಿಪಾಲಕ್ಕೆ ಬಸ್ಸಿನ ವೇಳೆ. ಮೂರನೆಯದು, 'ಎದೆಯಲ್ಲಿ ಗಂಟು, ನೋವಿಲ್ಲ'. ಅಕ್ಕನಿಗೆ ಟೈಪ್ ಮಾಡಿ ಅಭ್ಯಾಸವಿಲ್ಲ. ಮೈಕಿನ ಗುರುತನ್ನು ಒತ್ತಿ, ಮನೆಯಲ್ಲಿ ಯಾರೂ ಇಲ್ಲದಾಗ ಹೇಳಿದ ಮಾತು ಅದು. ಯಾರೊಡನೆಯೂ ಆಡದೆ ಇಟ್ಟುಕೊಂಡಿದ್ದ ಆ ಮಾತು ಠಾಣೆ ದಾಟುತ್ತಿದ್ದ ರೈಲಿನಲ್ಲಿ ತಮ್ಮನ ಕೈಗೆ ಬಂದು ನಿಂತಿತ್ತು.

ಮಧ್ಯಾಹ್ನ ಊಟದ ವೇಳೆ ಸ್ನೇಹಿತರು ಫೋನನ್ನು ನಮ್ಮ ಮುಂದಿಟ್ಟು, ''ಇದು ನನಗೆ ಹೇಗೆ ಗೊತ್ತಾಯಿತೆಂದು ಅಕ್ಕನಿಗೆ ಏನು ಹೇಳುವುದು ಮಾರಾಯ್ರೆ?'' ಎಂದು ಕೇಳಿದರು. ಆ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಆದರೆ ಈ ಬರಹ ಹುಟ್ಟಿದ್ದು ಅದರಿಂದಲೇ. ಇಲ್ಲಿ ಬರೆಯುವುದಕ್ಕೆ ಅವರಿಬ್ಬರ ಒಪ್ಪಿಗೆಯೂ ಇದೆ.

ಕಲಾ ವಿಭಾಗದಲ್ಲಿ ಓದಿದ ನಾವು ಗಣಕಶಾಸ್ತ್ರ ಬಲ್ಲವರಲ್ಲ. ಆದರೆ ಲೆಜರ್ ಎಂದರೇನೆಂಬುದನ್ನು ಬಲ್ಲೆವು. ಬ್ಯಾಂಕಿನಲ್ಲಿ ಒಂದು ಖಾತೆ ತೆರೆದರೆ ಅದರ ಪ್ರತಿಯೊಂದು ವ್ಯವಹಾರವೂ ಒಂದು ಸಾಲಾಗಿ ದಾಖಲಾಗುತ್ತದೆ. ಗೂಗಲ್ ಖಾತೆಯೂ ಹಾಗೆಯೇ. ಆಂಡ್ರಾಯ್ಡ್ ಫೋನನ್ನು ಮೊದಲ ದಿನ ಚಾಲೂ ಮಾಡುವಾಗ ಜೀಮೇಲ್ ವಿಳಾಸ ಕೊಡುತ್ತೇವಲ್ಲ, ಅದೇ ಖಾತೆ. ಹುಡುಕಿದ ಪದ, ತೆರೆದ ಆ್ಯಪ್, ಯೂಟ್ಯೂಬಿನಲ್ಲಿ ನೋಡಿದ ಯಕ್ಷಗಾನ ಎಲ್ಲವೂ ದಿನಾಂಕ ವೇಳೆಗಳೊಡನೆ ಆ ಖಾತೆಯಲ್ಲಿ ಜಮೆಯಾಗುತ್ತವೆ. ಹೆಚ್ಚಿನವರು ತಿಳಿಯದಿರುವ ಸಂಗತಿ ಇದು: ಲೆಜರ್ ಇರುವುದು ಫೋನಿನಲ್ಲಲ್ಲ, ಖಾತೆಯಲ್ಲಿ. ಒಂದೇ ಖಾತೆಯನ್ನು ಮೂರು ಫೋನುಗಳಲ್ಲಿ ಹಾಕಿದರೆ ಮೂವರ ಬರಹವೂ ಒಂದೇ ಪುಸ್ತಕಕ್ಕೆ ಸೇರುತ್ತದೆ, ಮೂವರೂ ಅದನ್ನು ಓದಬಹುದು. ತಂದೆಯ ಫೋನಿಗೆ ಮಗನ ಖಾತೆ, ಮಕ್ಕಳ ಟ್ಯಾಬಿಗೆ ತಾಯಿಯ ಖಾತೆ ಎಂಬ ಏರ್ಪಾಡು ನಮ್ಮ ಮನೆಗಳಲ್ಲಿ ಸರ್ವೇಸಾಮಾನ್ಯ.

ಈ ಪುಸ್ತಕವನ್ನು ತೆರೆಯುವ ಬಗೆ ಕಷ್ಟದ್ದಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಗೂಗಲ್' ಎಂಬಲ್ಲಿಗೆ ಹೋಗಿ, ನಿಮ್ಮ ಖಾತೆಯನ್ನು ನಿರ್ವಹಿಸುವ ಗುಂಡಿಯನ್ನು ಒತ್ತಿ, 'ಡೇಟಾ ಅಂಡ್ ಪ್ರೈವೆಸಿ' ಎಂಬ ಪುಟಕ್ಕೆ ಬನ್ನಿರಿ. ಅಲ್ಲಿ ಸ್ವಲ್ಪ ಕೆಳಗೆ 'ಹಿಸ್ಟರಿ ಸೆಟ್ಟಿಂಗ್ಸ್' ಎಂಬ ತಲೆಬರಹದಲ್ಲಿ ಮುಖ್ಯವಾಗಿ ಮೂರು ಬಾಬತ್ತುಗಳಿರುತ್ತವೆ: 'ವೆಬ್ ಅಂಡ್ ಆ್ಯಪ್ ಆ್ಯಕ್ಟಿವಿಟಿ', 'ಟೈಮ್‌ಲೈನ್' ಮತ್ತು 'ಯೂಟ್ಯೂಬ್ ಹಿಸ್ಟರಿ'. ಫೋನಿನ ತಯಾರಕರಿಗೆ ತಕ್ಕಂತೆ ಪದಗಳು ಅಲ್ಪಸ್ವಲ್ಪ ಬದಲಾಗಬಹುದು. ಅದೇ ಪುಟದಲ್ಲಿ 'ಮೈ ಆ್ಯಕ್ಟಿವಿಟಿ' ಎಂಬುದನ್ನು ತೆರೆದರೆ ಇಂದು, ನಿನ್ನೆ, ಮೊನ್ನೆ ಎಂದು ಹಿಂದಕ್ಕೆ ಸಾಗುವ ಪಟ್ಟಿ ಕಾಣಿಸುತ್ತದೆ. ನಾವು ಮೊದಲ ಬಾರಿ ನಮ್ಮದನ್ನು ತೆರೆದಾಗ, ಮೂರು ವರ್ಷಗಳ ಹಿಂದೆ ಒಂದು ರಾತ್ರಿ ಎರಡು ಗಂಟೆಗೆ ಯಾವುದೋ ಔಷಧದ ದುಷ್ಪರಿಣಾಮವನ್ನು ಹುಡುಕಿದ್ದು ಹಾಗೆಯೇ ಬಿದ್ದಿತ್ತು. ಆ ರಾತ್ರಿಯನ್ನು ನಾವೇ ಮರೆತಿದ್ದೆವು.

ಪ್ರತಿ ಸಾಲಿನ ಪಕ್ಕದ ಗುಣಾಕಾರದ ಗುರುತನ್ನು ಒತ್ತಿದರೆ ಆ ಒಂದು ದಾಖಲೆ ಅಳಿಯುತ್ತದೆ. 'ಡಿಲೀಟ್' ಎಂಬಲ್ಲಿ ಕಳೆದ ಒಂದು ಗಂಟೆ, ಒಂದು ದಿನ, ನಾವೇ ಆರಿಸಿದ ಅವಧಿ ಅಥವಾ ಆರಂಭದಿಂದ ಇಂದಿನವರೆಗಿನ ಎಲ್ಲವನ್ನೂ ಅಳಿಸಬಹುದು. ಇದಕ್ಕಿಂತ ಉಪಯುಕ್ತವಾದದ್ದು 'ಆಟೋ ಡಿಲೀಟ್'. 3, 18 ಅಥವಾ 36 ತಿಂಗಳಿಗಿಂತ ಹಳೆಯದು ತಾನಾಗಿ ಅಳಿಯುವಂತೆ ಇಲ್ಲಿ ನಿಗದಿಪಡಿಸಬಹುದು. 2020ರ ಜೂನ್ ತಿಂಗಳ ನಂತರ ತೆರೆದ ಖಾತೆಗಳಲ್ಲಿ ವೆಬ್ ಮತ್ತು ಆ್ಯಪ್ ಚಟುವಟಿಕೆಗೆ 18 ತಿಂಗಳ ಗಡುವನ್ನು ಸಂಸ್ಥೆಯೇ ಇಟ್ಟಿದೆ. ಆದರೆ ನಮ್ಮಂತಹ ಹಳಬರ ಖಾತೆಗಳು ಅದಕ್ಕೂ ಹಿಂದಿನವು. ಅವುಗಳಲ್ಲಿ ನಾವಾಗಿ ಹೇಳದ ಹೊರತು ದಾಖಲೆ ಉಳಿದೇ ಇರಬಹುದಾದ್ದರಿಂದ, ಒಮ್ಮೆ ತೆರೆದು ನೋಡಿಕೊಳ್ಳುವುದು ಒಳಿತು. ನಾವು 3 ತಿಂಗಳನ್ನು ಆರಿಸಿಕೊಂಡಿದ್ದೇವೆ. ದಾಖಲಾತಿಯೇ ಬೇಡವೆಂದರೆ 'ಟರ್ನ್ ಆಫ್' ಮಾಡಬಹುದು. ನಿಲ್ಲಿಸುವುದು ಬೇರೆ, ಅಳಿಸುವುದು ಬೇರೆ ಎಂಬುದು ಮಾತ್ರ ನೆನಪಿರಲಿ. ನಿಲ್ಲಿಸಿದ ಮಾತ್ರಕ್ಕೆ ಹಳೆಯ ಪುಟಗಳು ಮಾಯವಾಗುವುದಿಲ್ಲ.

ಇನ್ನೊಂದು ತಪ್ಪು ತಿಳುವಳಿಕೆಯೂ ವ್ಯಾಪಕವಾಗಿದೆ. ಕ್ರೋಮ್ ಬ್ರೌಸರಿನಲ್ಲಿ 'ಇನ್‌ಕಾಗ್ನಿಟೋ' ಕಿಟಕಿ ತೆರೆದರೆ ಯಾರಿಗೂ ಏನೂ ತಿಳಿಯದೆಂದು ಬಹಳ ಮಂದಿ ನಂಬಿದ್ದಾರೆ. ಅದು ಆ ಫೋನಿನಲ್ಲಿ ಚರಿತ್ರೆಯನ್ನು ಉಳಿಸುವುದಿಲ್ಲ, ಅಷ್ಟೇ. ನಾವು ಭೇಟಿಯಿತ್ತ ಜಾಲತಾಣಕ್ಕೂ ಇಂಟರ್ನೆಟ್ ಒದಗಿಸುವವರಿಗೂ ಕಚೇರಿಯ ಜಾಲವನ್ನು ನೋಡಿಕೊಳ್ಳುವವರಿಗೂ ನಾವು ಕಾಣಿಸುತ್ತಲೇ ಇರಬಹುದು. ಈ ವಿಷಯವಾಗಿ ಅಮೆರಿಕದಲ್ಲಿ 2020ರಲ್ಲಿ ಗೂಗಲ್ ವಿರುದ್ಧ ಹೂಡಿದ ಮೊಕದ್ದಮೆ 2024ರಲ್ಲಿ ರಾಜಿಯಾಗಿ, ಸಂಗ್ರಹಿಸಿದ್ದ ನೂರಾರು ಕೋಟಿ ದಾಖಲೆಗಳನ್ನು ಅಳಿಸಲು ಸಂಸ್ಥೆ ಒಪ್ಪಿಕೊಂಡಿತು.

ಸ್ಥಳದ ದಾಖಲೆಯ ಕಥೆ ಬೇರೆ. 'ಟೈಮ್‌ಲೈನ್' ಚಾಲೂ ಇದ್ದಲ್ಲಿ ಭಾನುವಾರ ಮನೆಯಿಂದ ಹೊರಟದ್ದು, ದಾದರಿನಲ್ಲಿ ಇಳಿದದ್ದು, ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ನೋಡಿದ್ದು, ಹೋಟೆಲಿನಲ್ಲಿ ಇಪ್ಪತ್ತು ನಿಮಿಷ ಕಳೆದದ್ದು ಎಲ್ಲವೂ ನಕಾಶೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಮೊದಲು ಗೂಗಲ್‌ನ ಸರ್ವರುಗಳಲ್ಲಿದ್ದ ಈ ದಾಖಲೆಯನ್ನು ಫೋನಿನೊಳಗೇ ಇಡುವ ಏರ್ಪಾಡನ್ನು ಸಂಸ್ಥೆ 2023ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಮ್ಯಾಪ್ಸ್ ಆ್ಯಪ್‌ನಲ್ಲಿ ನಮ್ಮ ಭಾವಚಿತ್ರವನ್ನು ಮುಟ್ಟಿ 'ಯುವರ್ ಟೈಮ್‌ಲೈನ್' ತೆರೆದು ಒಂದು ದಿನದ್ದನ್ನಾಗಲೀ ಎಲ್ಲವನ್ನಾಗಲೀ ಅಳಿಸಬಹುದು. ಆದರೆ ಇದೊಂದನ್ನು ಮುಚ್ಚಿದರೆ ಸಾಲದು. ಸ್ಥಳದ ಇತಿಹಾಸವನ್ನು ಮುಚ್ಚಿದ ಮೇಲೂ 'ವೆಬ್ ಅಂಡ್ ಆ್ಯಪ್ ಆ್ಯಕ್ಟಿವಿಟಿ'ಯ ಮೂಲಕ ನೆಲೆ ದಾಖಲಾಗುತ್ತಿತ್ತೆಂಬುದನ್ನು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 2018ರ ಆಗಸ್ಟಿನಲ್ಲಿ ಬಯಲಿಗೆಳೆಯಿತು. ಅದರ ಫಲವಾಗಿ 2022ರ ನವೆಂಬರಿನಲ್ಲಿ ಅಮೆರಿಕದ 40 ರಾಜ್ಯಗಳೊಡನೆ ಗೂಗಲ್ 39.15 ಕೋಟಿ ಡಾಲರುಗಳ ರಾಜಿ ಮಾಡಿಕೊಂಡಿತು.

ಐಫೋನ್ ಬಳಸುವವರು ಸೆಟ್ಟಿಂಗ್ಸ್‌ನ 'ಪ್ರೈವೆಸಿ ಅಂಡ್ ಸೆಕ್ಯುರಿಟಿ'ಯಲ್ಲಿ ಲೊಕೇಶನ್ ಸರ್ವಿಸಸ್, ಅದರೊಳಗೆ ಸಿಸ್ಟಮ್ ಸರ್ವಿಸಸ್, ಅಲ್ಲಿ 'ಸಿಗ್ನಿಫಿಕೆಂಟ್ ಲೊಕೇಶನ್ಸ್' ಎಂಬುದನ್ನು ನೋಡಬೇಕು. ಐಫೋನಿನಲ್ಲೂ ಗೂಗಲ್ ಅಥವಾ ಯೂಟ್ಯೂಬನ್ನು ಖಾತೆಯೊಂದಿಗೆ ಬಳಸುತ್ತಿದ್ದರೆ ಮೇಲೆ ಹೇಳಿದ ಪುಸ್ತಕ ಅವರಿಗೂ ಉಂಟು. ಈಚೆಗೆ ಬಂದಿರುವ ಕೃತಕ ಬುದ್ಧಿಮತ್ತೆಯ ಜೆಮಿನಿಯೊಂದಿಗಿನ ಮಾತುಕತೆಗೆ ಬೇರೆಯೇ ಚರಿತ್ರೆಯ ಪುಟವಿದೆ. ಅದರಲ್ಲಿ ಮಾನವ ಪರಿಶೀಲಕರು ಓದಲೆಂದು ಆಯ್ದ ಸಂಭಾಷಣೆಗಳು ನಾವು ಅಳಿಸಿದರೂ ಮೂರು ವರ್ಷಗಳವರೆಗೆ ಉಳಿಯಬಹುದೆಂದು ಸಂಸ್ಥೆಯೇ ಹೇಳಿದೆ. ಮನೆಯ ಗುಟ್ಟನ್ನೂ ಬ್ಯಾಂಕಿನ ವಿವರವನ್ನೂ ಅಲ್ಲಿ ಹೇಳಿಕೊಳ್ಳದಿರುವುದೇ ಕ್ಷೇಮ.

ಬ್ಯಾಂಕಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಹಣ ಕಳುಹಿಸುವ ಆ್ಯಪ್‌ನಲ್ಲಿ ಒಂದು ಪಾವತಿಯನ್ನು ಮರೆಮಾಡಿದರೆ ಬ್ಯಾಂಕಿನ ಲೆಕ್ಕದಿಂದ ಅದು ಹೋಗುವುದಿಲ್ಲ. ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯಂತೆ ವ್ಯವಹಾರದ ದಾಖಲೆಗಳನ್ನು ಬ್ಯಾಂಕುಗಳು ಐದು ವರ್ಷ ಕಾಪಾಡಲೇಬೇಕು. ಮತ್ತೊಂದು, ವಂಚನೆಗೆ ಒಳಗಾದ ಹೊತ್ತಿನಲ್ಲಿ ಏನನ್ನೂ ಅಳಿಸಬಾರದು. 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ ಹಣ ಕಸಿದುಕೊಂಡ ಪ್ರಕರಣಗಳಲ್ಲಿ, ಮನೆಯವರಿಗೆ ತಿಳಿದರೆ ಅವಮಾನವೆಂದು ಕರೆ, ಸಂದೇಶ, ಹುಡುಕಾಟ ಎಲ್ಲವನ್ನೂ ಅಳಿಸಿ ಆಮೇಲೆ ಶಾಖೆಗೆ ಬಂದ ಹಿರಿಯರನ್ನು ನಾವು ಕಂಡಿದ್ದೇವೆ. ಪೊಲೀಸರಿಗೆ ಬೇಕಾಗಿದ್ದ ಪುರಾವೆಯೇ ಅಳಿದುಹೋಗಿತ್ತು. ಅಂತಹ ಸಂದರ್ಭದಲ್ಲಿ ಮೊದಲು 1930ಕ್ಕೆ ಕರೆ ಮಾಡಿರಿ, ಕೂಡಲೇ ಬ್ಯಾಂಕಿಗೆ ತಿಳಿಸಿರಿ, ಫೋನನ್ನು ಇದ್ದಂತೆಯೇ ಇಡಿರಿ.

ಖಾಸಗಿತನ ಶ್ರೀಮಂತರ ಅಥವಾ ಪಾಶ್ಚಾತ್ಯರ ಶೋಕಿಯೆಂದು ಹಗುರವಾಗಿ ಆಡುವವರಿದ್ದಾರೆ. ಅದನ್ನು ಈ ದೇಶದಲ್ಲಿ ಮೂಲಭೂತ ಹಕ್ಕೆಂದು ಘೋಷಿಸಿದ ತೀರ್ಪಿಗೆ ಕಾರಣರಾದವರು ನಮ್ಮ ನಾಡಿನವರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಒಮ್ಮತದಿಂದ ಖಾಸಗಿತನವು ಸಂವಿಧಾನದತ್ತ ಹಕ್ಕೆಂದು ಹೇಳಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ನಿಧನರಾದರು. ಆ ತೀರ್ಪಿನ ಹಾದಿಯಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾಗಿ ಹಂತಹಂತವಾಗಿ ಜಾರಿಯಾಗಲಿವೆ. ನಮ್ಮ ಮಾಹಿತಿಯನ್ನು ತಿದ್ದಿಸುವ, ಅಳಿಸಿಸುವ ಹಕ್ಕನ್ನು ಆ ಕಾಯಿದೆ ಕೊಡುತ್ತದೆ.

ಆದರೆ ಅದೇ ಕಾಯಿದೆಯ 3ನೆಯ ಕಲಮಿನ ಪ್ರಕಾರ, ವ್ಯಕ್ತಿಯೊಬ್ಬ ತನ್ನ ಸ್ವಂತ ಅಥವಾ ಗೃಹಕೃತ್ಯದ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಅದು ಅನ್ವಯಿಸುವುದಿಲ್ಲ. ಕಂಪೆನಿಯನ್ನು ಹಿಡಿಯುವ ಈ ಕಾಯಿದೆ ಮನೆಯ ಹೊಸ್ತಿಲಿನ ಹೊರಗೇ ನಿಲ್ಲುತ್ತದೆ. ಒಂದು ಕೋಣೆ, ಒಂದು ಅಡುಗೆಮನೆಯ ಸಂಸಾರಗಳಲ್ಲಿ ಬೆಳೆದ ಮುಂಬಯಿಯ ನಮಗೆ ಒಬ್ಬರ ಕಾಗದವನ್ನು ಇನ್ನೊಬ್ಬರು ಓದುವುದು ದೊಡ್ಡ ತಪ್ಪಾಗಿ ಕಾಣುತ್ತಿರಲಿಲ್ಲ. ಈಗ ಸೊಸೆ ವೈದ್ಯರನ್ನು ಹುಡುಕಿದ್ದನ್ನು, ಮಗ ಕೆಲಸ ಬಿಡುವ ಯೋಚನೆಯಲ್ಲಿರುವುದನ್ನು, ವೃದ್ಧ ತಂದೆ ವೃದ್ಧಾಶ್ರಮದ ಬಾಡಿಗೆ ವಿಚಾರಿಸಿದ್ದನ್ನು ಅವರು ಬಾಯಿಬಿಟ್ಟು ಹೇಳುವ ಮೊದಲೇ ಈ ಪಟ್ಟಿ ಹೇಳಿಬಿಡುತ್ತದೆ. ಹೇಳುವ ದಿನವನ್ನು ತಾವೇ ಆರಿಸಿಕೊಳ್ಳುವ ಅಧಿಕಾರ ಅವರಿಗಿರಬೇಡವೇ?

ಆದ್ದರಿಂದ ಮನೆಯಲ್ಲಿ ಒಬ್ಬೊಬ್ಬರಿಗೂ ಅವರದೇ ಖಾತೆಯಿರಲಿ. 'ಮೈ ಆ್ಯಕ್ಟಿವಿಟಿ' ಪುಟವನ್ನು ತೆರೆಯಲು ಪ್ರತ್ಯೇಕ ದೃಢೀಕರಣ ಕೇಳುವಂತೆ ಮಾಡುವ ಸೌಲಭ್ಯ ಆ ಪುಟದಲ್ಲೇ ಇದೆ. ಖಾತೆಯ 'ಸೆಕ್ಯುರಿಟಿ' ವಿಭಾಗದಲ್ಲಿ 'ಯುವರ್ ಡಿವೈಸಸ್' ನೋಡಿದರೆ ನಮ್ಮ ಖಾತೆ ಎಲ್ಲೆಲ್ಲಿ ತೆರೆದಿದೆಯೆಂದು ತಿಳಿಯುತ್ತದೆ, ಬೇಡದ್ದನ್ನು ಅಲ್ಲಿಂದಲೇ ಸೈನ್ ಔಟ್ ಮಾಡಬಹುದು. ವಾಟ್ಸಾಪ್‌ನಲ್ಲಿ ಇದಕ್ಕೆ 'ಲಿಂಕ್ಡ್ ಡಿವೈಸಸ್' ಎಂಬ ಪಟ್ಟಿಯಿದೆ. ಇನ್ನು ಹಳೆಯ ಫೋನನ್ನು ಊರಿಗೆ ಒಯ್ಯುವ ಮುನ್ನ, ಅಥವಾ ಅಂಗಡಿಗೆ ಬದಲಿಗೆ ಕೊಡುವ ಮುನ್ನ, ಫೋಟೋಗಳನ್ನು ಬೇರೆಡೆ ಉಳಿಸಿಕೊಂಡು ಮೊದಲು ಖಾತೆಯನ್ನು ತೆಗೆಯಿರಿ, ಆನಂತರ 'ಫ್ಯಾಕ್ಟರಿ ರೀಸೆಟ್' ಮಾಡಿರಿ. ಖಾತೆ ತೆಗೆಯದೆ ರೀಸೆಟ್ ಮಾಡಿದ ಫೋನು ಕೆಲವೊಮ್ಮೆ ಹಳೆಯ ಪಾಸ್‌ವರ್ಡ್ ಕೇಳಿ ಹಟ ಹಿಡಿಯುತ್ತದೆ. ಊರಿನಲ್ಲಿ ಕುಳಿತವರು ಆಗ ಪಡುವ ಪಾಡು ಬೇಡ.

ನಮ್ಮ ಸ್ನೇಹಿತರು ಆ ದಿನ ಸಂಜೆ ಅಕ್ಕನಿಗೆ ಫೋನ್ ಮಾಡಿ ಆರೋಗ್ಯ ವಿಚಾರಿಸಿದರು. ''ಚೆನ್ನಾಗಿದ್ದೇನೆ, ನನಗೇನಾಗಿದೆ?'' ಎಂದರಂತೆ. ಸ್ನೇಹಿತರು ಮತ್ತೇನೂ ಕೇಳದೆ, ತೋಟದ ಕೆಲಸದ ನೆವ ಹೇಳಿ ರಜೆ ಹಾಕಿ ಊರಿಗೆ ಹೋದರು. ಎರಡನೆಯ ದಿನ ರಾತ್ರಿ ಊಟವಾದ ಮೇಲೆ ಅಕ್ಕ ತಾವಾಗಿಯೇ ಹೇಳಿದರು. ಮಣಿಪಾಲದಲ್ಲಿ ಪರೀಕ್ಷೆಯಾಯಿತು, ಅಪಾಯದ ಗಂಟಲ್ಲವೆಂದು ತಿಳಿಯಿತು. ಮರಳಿ ಬರುವ ದಾರಿಯಲ್ಲಿ ಸ್ನೇಹಿತರು ತಮಗೆ ಮೊದಲೇ ಗೊತ್ತಿತ್ತೆಂಬುದನ್ನೂ ಗೊತ್ತಾದ ಬಗೆಯನ್ನೂ ಒಪ್ಪಿಕೊಂಡರು. ಅಕ್ಕ ಬೈಯಲಿಲ್ಲ. ಆದರೆ ಎರಡು ದಿನ ಆ ಫೋನನ್ನು ಮುಟ್ಟಲೂ ಇಲ್ಲ.

ಮೂರನೆಯ ದಿನ ಫೋನನ್ನು ರೀಸೆಟ್ ಮಾಡಿ ಅಕ್ಕನ ಹೆಸರಿನಲ್ಲೇ ಖಾತೆ ತೆರೆದದ್ದಾಯಿತು. ಪಾಸ್‌ವರ್ಡ್ ಹಾಕುವ ಹೊತ್ತಿಗೆ ತಮ್ಮನನ್ನು ಅಂಗಳಕ್ಕೆ ಕಳುಹಿಸಿ, ಅಕ್ಷರಗಳನ್ನು ಹುಡುಕಿ ಹುಡುಕಿ ಒತ್ತಿ, ಅದನ್ನು ಪಂಚಾಂಗದ ಹಿಂಬದಿಯ ರಟ್ಟಿನಲ್ಲಿ ಬರೆದಿಟ್ಟುಕೊಂಡಿದ್ದಾರಂತೆ. ಬ್ಯಾಂಕಿನವರಾದ ನಮಗೆ ಆ ರಟ್ಟಿನ ಬಗ್ಗೆ ಸಮಾಧಾನವಿಲ್ಲ. ಅದನ್ನು ಅವರಿಗೆ ಹೇಳಲು ಸ್ನೇಹಿತರು ಮಾತ್ರ ಇನ್ನೂ ಧೈರ್ಯ ಮಾಡಿಲ್ಲ.