ಬಸುರಿಯ ಬಿಪಿ: ತಪ್ಪು ಉಪ್ಪಿನದ್ದೋ, ಮಾಸಿನದ್ದೋ?

ಏಳನೇ ತಿಂಗಳಲ್ಲಿ ಬಿಪಿ 150/100 ಬಂತೆಂದರೆ ಮನೆಯಲ್ಲಿ ಮೊದಲು ಕೇಳಿಬರುವ ಮಾತು, "ಉಪ್ಪಿನಕಾಯಿ ತಿನ್ನಬೇಡ ಅಂದ್ರೆ ಎಲ್ಲಿ ಕೇಳ್ತೀಯ?" ಅಂದಿನಿಂದ ಬಸುರಿಗೆ ಸಪ್ಪೆ ಊಟ. ಆದರೆ ಗರ್ಭಿಣಿಯರಲ್ಲಿ ಉಪ್ಪು ಬಿಡಿಸಿ ಪ್ರಿಎಕ್ಲಾಂಪ್ಸಿಯಾ ತಡೆಯುವ ಪ್ರಯತ್ನವನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ. ಈ ಕಾಯಿಲೆಯ ಬೇರು ಇರುವುದು ಊಟದ ತಟ್ಟೆಯಲ್ಲಲ್ಲ, ಮಾಸಿನಲ್ಲಿ.

ಇಪ್ಪತ್ತು ವಾರ ಕಳೆದ ಮೇಲೆ ಬಿಪಿ 140/90 ಅಥವಾ ಅದಕ್ಕಿಂತ ಹೆಚ್ಚಾಗಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುವುದು ಅಥವಾ ಲಿವರ್, ಕಿಡ್ನಿ, ಮಿದುಳಿಗೆ ತೊಂದರೆಯಾಗುವುದು ಪ್ರಿಎಕ್ಲಾಂಪ್ಸಿಯಾ. ಕೈಮೀರಿದರೆ ಫಿಟ್ಸ್ ಬರುತ್ತದೆ. ಹಿಂದೆ ಇದನ್ನು 'ಗರ್ಭಿಣಿ ನಂಜು' ಎನ್ನುತ್ತಿದ್ದರು. ರಕ್ತದಲ್ಲಿ ಏನೋ ವಿಷ ಸೇರಿದೆ ಎಂಬ ಊಹೆ ಅದು. ಆ ವಿಷ ಯಾವುದೆಂದು ಮಾತ್ರ ಬಹುಕಾಲ ಯಾರಿಗೂ ಸಿಕ್ಕಿರಲಿಲ್ಲ.

ಮಾಸಿನ ಮೇಲೆ ಅನುಮಾನ ಬರಲು ಒಂದು ಗಟ್ಟಿ ಕಾರಣವಿತ್ತು. ಮುತ್ತುಗರ್ಭದಲ್ಲಿ ಮಗುವೇ ಇಲ್ಲದೆ ಮಾಸಿನ ಅಂಗಾಂಶ ಮಾತ್ರ ದ್ರಾಕ್ಷಿ ಗೊಂಚಲಿನಂತೆ ಬೆಳೆಯಬಹುದು. ಅಂಥವರಿಗೂ ಪ್ರಿಎಕ್ಲಾಂಪ್ಸಿಯಾ ಬರುತ್ತದೆ! ಅಂದರೆ ಮಗು ಇರಲೇಬೇಕೆಂದಿಲ್ಲ, ಮಾಸಿದ್ದರೆ ಸಾಕು.

2003ರಲ್ಲಿ ಬಾಸ್ಟನ್ನಿನ ಕಿಡ್ನಿ ತಜ್ಞ, ಭಾರತ ಮೂಲದ ಅನಂತ್ ಕರುಮಂಚಿ ಅವರ ತಂಡ ಒಂದು ಪ್ರೋಟೀನನ್ನು ಬೊಟ್ಟು ಮಾಡಿ ತೋರಿಸಿತು. ಅದರ ಹೆಸರು ಎಸ್‌-ಫ್ಲಿಟ್‌-1. ಗಬ್ಬದ ಇಲಿಗಳಲ್ಲಿ ಇದರ ಪ್ರಮಾಣ ಹೆಚ್ಚಿಸಿದಾಗ ಅವುಗಳ ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿತು.

ಇದು ಮಾಡುವ ಕಿತಾಪತಿ ಏನು? ರಕ್ತನಾಳದ ಒಳಪದರದ ಜೀವಕೋಶಗಳು ಆರೋಗ್ಯವಾಗಿರಲು ವಿಇಜಿಎಫ್, ಪಿಎಲ್‌ಜಿಎಫ್ ಎಂಬ ಪ್ರೋಟೀನುಗಳು ಸಂದೇಶ ತಲುಪಿಸುತ್ತಿರಬೇಕು. ಕೋಶದ ಮೇಲಿರುವ ಗ್ರಾಹಕಗಳು ಮನೆ ಬಾಗಿಲಿನ ಪತ್ರದ ಡಬ್ಬಿ ಇದ್ದಂತೆ. ಹೊರಭಾಗ ಪತ್ರ ಹಿಡಿಯುತ್ತದೆ, ಒಳಭಾಗ ಸುದ್ದಿಯನ್ನು ಮನೆಯೊಳಗೆ ಮುಟ್ಟಿಸುತ್ತದೆ. ಎಸ್‌-ಫ್ಲಿಟ್‌-1 ಎಂದರೆ ಹೊರಭಾಗ ಮಾತ್ರ ಇರುವ, ಯಾವ ಮನೆಗೂ ಅಂಟಿಕೊಳ್ಳದೆ ರಕ್ತದಲ್ಲಿ ತೇಲುವ ಡಬ್ಬಿ. ಪತ್ರಗಳೆಲ್ಲ ಅದರಲ್ಲೇ ಬೀಳುತ್ತವೆ, ಮನೆಗೆ ಸುದ್ದಿ ತಲುಪುವುದಿಲ್ಲ. ಆಗ ರಕ್ತನಾಳ ಸಡಿಲಗೊಳ್ಳದೆ ಬಿಗಿಯುತ್ತದೆ, ಬಿಪಿ ಏರುತ್ತದೆ. ಕಿಡ್ನಿಯ ಜರಡಿ ಹಾಳಾಗಿ ಪ್ರೋಟೀನ್ ಸೋರುತ್ತದೆ. ವಿಇಜಿಎಫ್ ತಡೆಯುವ ಬೆವಾಸಿಜುಮ್ಯಾಬ್ ಎಂಬ ಕ್ಯಾನ್ಸರ್ ಔಷಧಿ ಪಡೆದವರಲ್ಲೂ ಇವೇ ಎರಡು ಅಡ್ಡಪರಿಣಾಮ ಕಾಣಿಸುತ್ತವೆ ಎಂಬುದು ಕುತೂಹಲದ ಸಂಗತಿ.

ಈ ಪ್ರೋಟೀನನ್ನು ಮಾಸು ಸಹಜ ಬಸಿರಿನಲ್ಲೂ ತಯಾರಿಸುತ್ತದೆ. ಮೊದಲ ತಿಂಗಳುಗಳಲ್ಲಿ ಮಾಸಿನ ಕೋಶಗಳು ಗರ್ಭಕೋಶದ ರಕ್ತನಾಳಗಳೊಳಗೆ ನುಗ್ಗಿ ಅವನ್ನು ಅಗಲ ಮಾಡಬೇಕು. ಆ ಕೆಲಸ ಅರ್ಧಂಬರ್ಧವಾದರೆ ಮಾಸಿಗೆ ರಕ್ತ ಸಾಲದೆ, ಎಸ್‌-ಫ್ಲಿಟ್‌-1 ಅತಿಯಾಗಿ ಹೊರಬರುತ್ತದೆ. ಎಲ್ಲರಲ್ಲೂ ಹೀಗೇ ಆಗುತ್ತದೆಂದಲ್ಲ. ಅವಳಿ ಗರ್ಭ, ಸಕ್ಕರೆ ಕಾಯಿಲೆ, ಬೊಜ್ಜು ಇದ್ದವರಲ್ಲಿ ದಾರಿ ಬೇರೆ ಇರಬಹುದು.

ರೋಗ ಕಾಣಿಸುವ ಸುಮಾರು 5 ವಾರ ಮೊದಲೇ ಈ ಪ್ರೋಟೀನ್ ಏರಲು ಶುರುವಾಗುತ್ತದೆ ಎಂದು 2004ರ ಅಧ್ಯಯನ ತೋರಿಸಿತು. ಆ ಹೊತ್ತಿಗೆ ತಾಯಿ ಆರಾಮಾಗಿಯೇ ಇರುತ್ತಾಳೆ. "ನಂಗೇನೂ ಆಗಿಲ್ಲ" ಎಂದು ತಪಾಸಣೆ ತಪ್ಪಿಸಬಾರದು ಎನ್ನುವುದು ಇದಕ್ಕೇ. ಈಗ ಎಸ್‌-ಫ್ಲಿಟ್‌-1 ಮತ್ತು ಪಿಎಲ್‌ಜಿಎಫ್ ಅನುಪಾತ ಅಳೆಯುವ ರಕ್ತಪರೀಕ್ಷೆ ಇದೆ. ಅನುಮಾನವಿರುವ ಗರ್ಭಿಣಿಯಲ್ಲಿ ಇದು 38 ಅಥವಾ ಕಡಿಮೆ ಬಂದರೆ, ಮುಂದಿನ ಒಂದು ವಾರ ರೋಗ ಬರುವ ಸಾಧ್ಯತೆ ತೀರಾ ಕಡಿಮೆ. ಪರೀಕ್ಷೆ ಎಲ್ಲ ಕಡೆ ಸಿಗುವುದಿಲ್ಲ, ಆದರೆ ಬಿಪಿ ಯಂತ್ರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇರುತ್ತದೆ.

ಅಪಾಯ ಹೆಚ್ಚಿರುವವರಿಗೆ ವೈದ್ಯರು ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುತ್ತಾರೆ. 2017ರ ಪ್ರಯೋಗವೊಂದರಲ್ಲಿ, 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾದ ಪ್ರಿಎಕ್ಲಾಂಪ್ಸಿಯಾ ಇದರಿಂದ ಶೇ. 4.3ರಿಂದ 1.6ಕ್ಕೆ ಇಳಿಯಿತು. ತಾವಾಗಿಯೇ ನುಂಗುವ ಮಾತ್ರೆಯಲ್ಲ ಇದು. ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಇದೆ. ರೋಗವನ್ನೇ ನಿಲ್ಲಿಸಲು ಇವತ್ತಿಗೂ ಉಳಿದ ದಾರಿ ಹೆರಿಗೆ, ಅಂದರೆ ಮಾಸನ್ನು ಹೊರತೆಗೆಯುವುದು.

ಮಾಸು ಹೊರಬಂದ ಮೇಲೆ ಆ ಪ್ರೋಟೀನ್ ಬೇಗ ಇಳಿಯುತ್ತದೆ, ರಕ್ತನಾಳ ಚೇತರಿಸಿಕೊಳ್ಳಲು ಮಾತ್ರ ಸಮಯ ಬೇಕು. ಮೊದಲ ವಾರ ಬಿಪಿ ಮತ್ತೆ ಏರಬಹುದು. ಕೆಲವರಿಗೆ ರೋಗ ಕಾಣಿಸುವುದೇ ಬಾಣಂತನದಲ್ಲಿ. ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಬಲಪಕ್ಕೆಯ ಕೆಳಗೆ ನೋವು ಬಂದರೆ ಶೀತವೆಂದು ಕಿವಿಗೆ ಹತ್ತಿ ಇಟ್ಟು, ಗ್ಯಾಸ್ಟ್ರಿಕ್ ಎಂದು ಜೀರಿಗೆ ಕಷಾಯ ಕುಡಿಸಿ ಮಲಗಿಸಬೇಡಿ. ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದೊಯ್ದು ಬಿಪಿ ನೋಡಿಸಿ.